ಹಾರ್ಮೋನ್ ಪರೀಕ್ಷೆ: ರಕ್ತ ಕೊಡುವ ಮೊದಲು ಏನು ಮಾಡಬೇಕು, ವರದಿಯನ್ನು ಹೇಗೆ ಓದಬೇಕು

ಹಾರ್ಮೋನ್ ಪರೀಕ್ಷೆಯ ವರದಿ ಕೈಗೆ ಬಂದೊಡನೆ ಎಲ್ಲರೂ ಮೊದಲು ಹುಡುಕುವುದು ದಪ್ಪಕ್ಷರದಲ್ಲಿ ಅಚ್ಚಾದ, ಪಕ್ಕದಲ್ಲಿ ಬಾಣದ ಗುರುತಿರುವ ಅಂಕಿಯನ್ನು. ಗುರುತಿಲ್ಲದ ಅಂಕಿಗಳನ್ನು ಕಣ್ಣು ದಾಟಿಕೊಂಡು ಹೋಗುತ್ತದೆ. ಎಡವುವುದು ಇಲ್ಲೇ. 'ನಾರ್ಮಲ್' ಎಂದು ಕಾಣುವ ಅಂಕಿಯೇ ಎಷ್ಟೋ ಸಲ ರೋಗದ ಸುಳಿವಾಗಿರುತ್ತದೆ. ಬಾಣದ ಗುರುತು ಬಿದ್ದ ಅಂಕಿ ಬರೀ ಹೊತ್ತು ತಪ್ಪಿ ರಕ್ತ ಕೊಟ್ಟದ್ದರ ಫಲವಾಗಿರಬಹುದು. ಹಾಗಾಗಿ ಈ ವರದಿಗಳನ್ನು ಓದುವ ಕೆಲಸ ರಕ್ತ ಕೊಡುವ ಒಂದು ವಾರ ಮೊದಲೇ ಶುರುವಾಗಬೇಕು.

ಮೊದಲು, ಯಾರ ಮಾತು ಯಾರು ಕೇಳುತ್ತಾರೆ

ಹಾರ್ಮೋನನ್ನು ನೇರ ರಕ್ತಕ್ಕೆ ಸುರಿಸುವ ನಿರ್ನಾಳ ಗ್ರಂಥಿಗಳನ್ನು ಅವು ಯಾರ ಆಜ್ಞೆಗೆ ಒಳಪಟ್ಟಿವೆ ಎಂಬುದನ್ನು ನೋಡಿ ಎರಡು ಗುಂಪು ಮಾಡಿಕೊಂಡರೆ ವರದಿ ಅರ್ಧ ಅರ್ಥವಾದಂತೆ.

ಮೊದಲ ಗುಂಪು ಪಿಟ್ಯುಟರಿಯ ಅಧೀನದ್ದು. ಮೆದುಳಿನ ತಳದಲ್ಲಿ, ಮೂಳೆಯ ಒಂದು ಚಿಕ್ಕ ಗುಳಿಯೊಳಗೆ ಕುಳಿತ, ಸುಮಾರು ಅರ್ಧ ಗ್ರಾಂ ತೂಗುವ ಈ ಗ್ರಂಥಿ ಮೂರು ಕಡೆಗೆ ಆಜ್ಞೆ ಕಳಿಸುತ್ತದೆ: ಟಿಎಸ್‌ಎಚ್ ಮೂಲಕ ಥೈರಾಯ್ಡಿಗೆ, ಎಸಿಟಿಎಚ್ ಮೂಲಕ ಮೂತ್ರಪಿಂಡದ ಮೇಲೆ ಕೂತ ಅಡ್ರಿನಲ್ ಗ್ರಂಥಿಯ ಹೊರಪದರಕ್ಕೆ, ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಮೂಲಕ ಅಂಡಾಶಯ ಅಥವಾ ವೃಷಣಕ್ಕೆ. ಪಿಟ್ಯುಟರಿಗೂ ಆಜ್ಞೆ ಕೊಡಲು ಅದರ ಮೇಲೆ ಮೆದುಳಿನ ಭಾಗವಾದ ಹೈಪೋಥಲಾಮಸ್ ಇದೆ. ಕೆಳಗಿನ ಗ್ರಂಥಿ ಸುರಿಸಿದ ಹಾರ್ಮೋನು ರಕ್ತದಲ್ಲಿ ಹೆಚ್ಚಾದರೆ ಮೇಲಿನವರು ಆಜ್ಞೆ ತಗ್ಗಿಸುತ್ತಾರೆ, ಕಡಿಮೆಯಾದರೆ ಏರಿಸುತ್ತಾರೆ. ಎತ್ತು ನಿಧಾನವಾದಷ್ಟೂ ಬಾರುಕೋಲಿನ ಪೆಟ್ಟು ಹೆಚ್ಚುವ ಹಾಗೆ.

ಎರಡನೇ ಗುಂಪಿಗೆ ಪಿಟ್ಯುಟರಿಯ ಹಂಗಿಲ್ಲ. ಮೇದೋಜೀರಕದ ಬೀಟಾ ಕೋಶಗಳು ಇನ್ಸುಲಿನ್ ಬಿಡುವುದು ರಕ್ತದ ಸಕ್ಕರೆ ನೋಡಿ. ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡಿರುವ, ಸಾಮಾನ್ಯವಾಗಿ ನಾಲ್ಕಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ನೋಡುವುದು ರಕ್ತದ ಕ್ಯಾಲ್ಸಿಯಂ ಮಟ್ಟವನ್ನು. ಅಡ್ರಿನಲ್‌ನ ಆಲ್ಡೊಸ್ಟಿರೋನ್ ಮುಖ್ಯವಾಗಿ ಮೂತ್ರಪಿಂಡದ ರೆನಿನ್ ವ್ಯವಸ್ಥೆಗೆ ಮತ್ತು ಪೊಟ್ಯಾಷಿಯಂಗೆ ಓಗೊಡುತ್ತದೆ.

ಇದರಿಂದ ಹುಟ್ಟುವ ನಿಯಮ ಒಂದೇ: ಅಂಕಿಗಳನ್ನು ಜೋಡಿಯಾಗಿ ಓದಬೇಕು. ಟಿಎಸ್‌ಎಚ್ ಜೊತೆ ಟಿ4 (ಥೈರಾಯ್ಡಿನ ಹಾರ್ಮೋನು), ಎಸಿಟಿಎಚ್ ಜೊತೆ ಕಾರ್ಟಿಸಾಲ್ (ಅಡ್ರಿನಲ್ ಹಾರ್ಮೋನು), ಎಲ್‌ಎಚ್-ಎಫ್‌ಎಸ್‌ಎಚ್ ಜೊತೆ ಈಸ್ಟ್ರೊಜನ್ ಅಥವಾ ಟೆಸ್ಟೊಸ್ಟಿರೋನ್, ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನು) ಜೊತೆ ಕ್ಯಾಲ್ಸಿಯಂ, ರೆನಿನ್ ಜೊತೆ ಆಲ್ಡೊಸ್ಟಿರೋನ್. ಉದಾಹರಣೆಗೆ, ಟಿ4 ಕಡಿಮೆ ಇದ್ದು ಟಿಎಸ್‌ಎಚ್ 2 ಎಂದಿದ್ದರೆ ಆ 2 ನಾರ್ಮಲ್ ಅಲ್ಲ. ಟಿ4 ಇಳಿದಾಗ ಅದು ಏರಿರಬೇಕಿತ್ತು. ಏರಿಲ್ಲವೆಂದರೆ ಸಂಶಯ ಪಿಟ್ಯುಟರಿಯ ಮೇಲೆ ಹೋಗುತ್ತದೆ. ಹಾಗೆಯೇ ಕ್ಯಾಲ್ಸಿಯಂ ಮಿತಿ ಮೀರಿ 11.2 ಇದ್ದು ಪಿಟಿಎಚ್ ಮಿತಿಯೊಳಗೇ ಇದ್ದರೆ, ಆ ಪಿಟಿಎಚ್ ಅಡಗಿ ಕೂರಬೇಕಾದ ಹೊತ್ತಿನಲ್ಲಿ ಅಡಗದೆ ನಿಂತಿದೆ ಎಂದರ್ಥ. ಲ್ಯಾಬಿನ ಯಂತ್ರಕ್ಕೆ ಇದು ತಿಳಿಯದು. ಅದು ಪ್ರತಿ ಅಂಕಿಯನ್ನೂ ಒಂಟಿಯಾಗಿಯೇ ಅಳೆದು, ಒಂಟಿಯಾಗಿಯೇ ಗುರುತು ಹಾಕುತ್ತದೆ.

ಹಂತ 1: ಯಾವ ಪ್ರಶ್ನೆಗೆ ಈ ಪರೀಕ್ಷೆ?

'ಪೂರ್ತಿ ಹಾರ್ಮೋನ್ ಪ್ಯಾಕೇಜ್' ಮಾಡಿಸುವ ಮುನ್ನ ಒಂದು ಸರಳ ಲೆಕ್ಕ ನೋಡಿ. ಹೆಚ್ಚಿನ ಪರೀಕ್ಷೆಗಳ ಸಾಮಾನ್ಯ ಮಿತಿಯನ್ನು ಆರೋಗ್ಯವಂತರ ನಡುವಿನ 95 ಪ್ರತಿಶತ ಮಂದಿಯ ಅಂಕಿಗಳಿಂದ ನಿಗದಿ ಮಾಡುತ್ತಾರೆ. ಅಂದರೆ ಏನೂ ಕಾಯಿಲೆಯಿಲ್ಲದ ಇಪ್ಪತ್ತು ಜನರಲ್ಲಿ ಒಬ್ಬರು ಮಿತಿಯ ಆಚೆ ಬೀಳುವುದು ಖಾಯಂ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳನ್ನು ಒಟ್ಟಿಗೆ ಮಾಡಿಸಿದರೆ, ಪೂರ್ಣ ಆರೋಗ್ಯವಂತರಲ್ಲೂ ಕನಿಷ್ಠ ಒಂದು ಅಂಕಿ ಮಿತಿ ಮೀರುವ ಸಾಧ್ಯತೆ ಸುಮಾರು 64 ಪ್ರತಿಶತ. ಆಮೇಲೆ ಆ ಒಂದು ಅಂಕಿಯ ಬೆನ್ನು ಹತ್ತಿ ಸ್ಕ್ಯಾನು, ಮರುಪರೀಕ್ಷೆ, ನಿದ್ದೆಗೇಡು.

ಆದ್ದರಿಂದ ಮೊದಲು ಲಕ್ಷಣಗಳನ್ನು ಬರೆದಿಟ್ಟುಕೊಳ್ಳಿ: ಏನಾಗುತ್ತಿದೆ, ಯಾವಾಗಿನಿಂದ, ತೂಕ ಎಷ್ಟು ತಿಂಗಳಲ್ಲಿ ಎಷ್ಟು ಏರಿತು ಅಥವಾ ಇಳಿಯಿತು, ಮುಟ್ಟಿನ ಕ್ರಮ ಬದಲಾಗಿದೆಯೇ, ಬಾಯಾರಿಕೆ ಹೆಚ್ಚಿದೆಯೇ, ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಅಥವಾ ಮಧುಮೇಹ ಇದೆಯೇ. ಇಷ್ಟು ವಿವರ ವೈದ್ಯರ ಮುಂದಿದ್ದರೆ ಸಾಮಾನ್ಯವಾಗಿ ಎರಡು ಮೂರು ಪರೀಕ್ಷೆಗಳಲ್ಲೇ ಕೆಲಸ ಮುಗಿಯುತ್ತದೆ.

ಜ್ವರ, ಸೋಂಕು, ಶಸ್ತ್ರಚಿಕಿತ್ಸೆಯ ಸಮಯದಲ್ಲಿ ತುರ್ತಿಲ್ಲದ ಹಾರ್ಮೋನ್ ಪರೀಕ್ಷೆ ಬೇಡ. ದೇಹ ಸಂಕಟದಲ್ಲಿದ್ದಾಗ ಥೈರಾಯ್ಡಿನ ಇನ್ನೊಂದು ಹಾರ್ಮೋನಾದ ಟಿ3 ಇಳಿಯುತ್ತದೆ, ಟಿಎಸ್‌ಎಚ್ ಅಡ್ಡಾದಿಡ್ಡಿಯಾಗುತ್ತದೆ, ಕಾರ್ಟಿಸಾಲ್ ಏರುತ್ತದೆ, ಟೆಸ್ಟೊಸ್ಟಿರೋನ್ ಬೀಳುತ್ತದೆ. ಚೇತರಿಸಿಕೊಂಡು ಕೆಲವು ವಾರ ಕಳೆದ ಮೇಲೆ ಮಾಡಿಸಿದ ಪರೀಕ್ಷೆಗೆ ಬೆಲೆ ಹೆಚ್ಚು.

ಹಂತ 2: ಒಂದು ವಾರ ಮೊದಲು, ಮಾತ್ರೆಗಳ ಪಟ್ಟಿ

ಒಳಗೆ ಹೋಗುವ, ಮೈಗೆ ಹಚ್ಚುವ, ಮೂಗಿಗೆ ಎಳೆಯುವ ಎಲ್ಲವನ್ನೂ ಪಟ್ಟಿ ಮಾಡಿ. ಔಷಧವೆಂದು ಜನ ಲೆಕ್ಕಕ್ಕೇ ತೆಗೆದುಕೊಳ್ಳದವು ಇಲ್ಲಿ ಹೆಚ್ಚು ಕಾಟ ಕೊಡುತ್ತವೆ.

ಬಯೋಟಿನ್ ಇವುಗಳಲ್ಲಿ ಮುಖ್ಯವಾದದ್ದು. ಕೂದಲು-ಉಗುರಿಗೆಂದು ನುಂಗುವ ಮಾತ್ರೆಗಳಲ್ಲಿ 5,000ದಿಂದ 10,000 ಮೈಕ್ರೋಗ್ರಾಂ ಬಯೋಟಿನ್ ಇರುವುದುಂಟು. ವಯಸ್ಕರ ದಿನದ ಅಗತ್ಯ ಬರೀ 30 ಮೈಕ್ರೋಗ್ರಾಂ. ಅನೇಕ ಲ್ಯಾಬ್ ಯಂತ್ರಗಳು ಹಾರ್ಮೋನನ್ನು ಹಿಡಿಯಲು ಬಯೋಟಿನ್-ಸ್ಟ್ರೆಪ್ಟಾವಿಡಿನ್ ಬಂಧವನ್ನೇ ಬಳಸುತ್ತವೆ. ರಕ್ತದಲ್ಲಿ ಬಯೋಟಿನ್ ತುಂಬಿದ್ದರೆ ಆ ಬಂಧಕ್ಕೆ ಅಡ್ಡಿಯಾಗಿ ಟಿಎಸ್‌ಎಚ್ ಸುಳ್ಳೇ ಕಡಿಮೆಯಾಗಿ, ಟಿ4 ಮತ್ತು ಟಿ3 ಸುಳ್ಳೇ ಹೆಚ್ಚಾಗಿ ಕಾಣುತ್ತವೆ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಕಾಯಿಲೆಯ ಪಕ್ಕಾ ಚಿತ್ರವದು, ರೋಗಿಗೆ ಮಾತ್ರ ಒಂದು ಲಕ್ಷಣವೂ ಇರುವುದಿಲ್ಲ. ಪರೀಕ್ಷೆಗೆ ಕನಿಷ್ಠ 2 ದಿನ ಮೊದಲು ಬಯೋಟಿನ್ ನಿಲ್ಲಿಸಿ. ವೈದ್ಯರು ಅದಕ್ಕಿಂತ ಬಹಳ ದೊಡ್ಡ ಪ್ರಮಾಣ ಬರೆದುಕೊಟ್ಟಿದ್ದರೆ ಇನ್ನೂ ಹೆಚ್ಚು ದಿನ ಬೇಕು, ಅವರನ್ನೇ ಕೇಳಿ.

ಗರ್ಭನಿರೋಧಕ ಮಾತ್ರೆಗಳ ಈಸ್ಟ್ರೊಜನ್ ಯಕೃತ್ತಿಗೆ ಹೇಳಿ ಹಾರ್ಮೋನು ಹೊರುವ ಪ್ರೋಟೀನುಗಳನ್ನು ಹೆಚ್ಚಿಸುತ್ತದೆ. ಆಗ ಒಟ್ಟು ಟಿ4, ಒಟ್ಟು ಕಾರ್ಟಿಸಾಲ್ ಏರಿದಂತೆ ಕಾಣುತ್ತವೆ, ಕೆಲಸ ಮಾಡುವ ಬಿಡಿ ಹಾರ್ಮೋನು ಮಾತ್ರ ಮೊದಲಿನಷ್ಟೇ ಇರುತ್ತದೆ. ಥೈರಾಯ್ಡಿಗೆ 'ಫ್ರೀ ಟಿ4' ಕೇಳುವುದು ಇದಕ್ಕೇ.

ಸ್ಟೀರಾಯ್ಡುಗಳು ಮಾತ್ರೆ, ಕೀಲಿಗೆ ಕೊಟ್ಟ ಚುಚ್ಚುಮದ್ದು, ಆಸ್ತಮಾ ಇನ್‌ಹೇಲರ್, ಚರ್ಮದ ಮುಲಾಮು, ಯಾವ ರೂಪದಲ್ಲಿದ್ದರೂ ಎಸಿಟಿಎಚ್ ಮತ್ತು ಕಾರ್ಟಿಸಾಲನ್ನು ಅದುಮಿಡಬಲ್ಲವು. ಬೆಳ್ಳಗಾಗುವ ಕ್ರೀಮು ಎಂದು ತಿಂಗಳುಗಟ್ಟಲೆ ಹಚ್ಚಿಕೊಂಡದ್ದರಲ್ಲೂ ಪ್ರಬಲ ಸ್ಟೀರಾಯ್ಡ್ ಇರಬಹುದು. ಅದನ್ನು ಹೇಳಲು ಸಂಕೋಚ ಬೇಡ. ಮೂರು ನಾಲ್ಕು ವಾರಕ್ಕಿಂತ ಹೆಚ್ಚು ಕಾಲ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡವರು ಪರೀಕ್ಷೆಗೆಂದು ತಾವಾಗಿಯೇ ನಿಲ್ಲಿಸಲೇಬಾರದು. ಮಲಗಿರುವ ಅಡ್ರಿನಲ್ ತಕ್ಷಣ ಎಚ್ಚರಾಗುವುದಿಲ್ಲ, ರಕ್ತದೊತ್ತಡ ಕುಸಿಯಬಹುದು.

ವಾಂತಿಗೆ ಕೊಡುವ ಡೊಂಪೆರಿಡೋನ್ ಮತ್ತು ಮೆಟೊಕ್ಲೊಪ್ರಮೈಡ್, ಮನೋರೋಗಕ್ಕೆ ಕೊಡುವ ರಿಸ್ಪೆರಿಡೋನ್ ಎದೆಹಾಲಿಗೆ ಕಾರಣವಾಗುವ ಪಿಟ್ಯುಟರಿ ಹಾರ್ಮೋನಾದ ಪ್ರೊಲ್ಯಾಕ್ಟಿನನ್ನು ಏರಿಸುತ್ತವೆ. ಲಿಥಿಯಂ ಥೈರಾಯ್ಡನ್ನು ಮಂದಗೊಳಿಸಬಹುದು. ಹೃದಯದ ಲಯ ತಪ್ಪಿದಾಗ ಕೊಡುವ ಅಮಿಯೊಡರೋನ್ ಅದನ್ನು ಎರಡೂ ಕಡೆಗೆ ಎಳೆಯಬಲ್ಲದು. ಇವನ್ನೂ ನಿಲ್ಲಿಸುವುದು ನಿಮ್ಮ ಕೆಲಸವಲ್ಲ, ಪಟ್ಟಿಯಲ್ಲಿ ಬರೆಯುವುದು ನಿಮ್ಮ ಕೆಲಸ.

ಹಂತ 3: ಯಾವ ದಿನ, ಯಾವ ಹೊತ್ತು

ಕಾರ್ಟಿಸಾಲ್ ಬೆಳಿಗ್ಗೆ 8ರ ಸುಮಾರಿಗೆ ಎತ್ತರದಲ್ಲಿದ್ದು ನಡುರಾತ್ರಿ ತಳ ಮುಟ್ಟುತ್ತದೆ. ಸಂಜೆ 5ಕ್ಕೆ ತೆಗೆದ ರಕ್ತವನ್ನು ಬೆಳಗಿನ ಮಿತಿಯೊಂದಿಗೆ ಹೋಲಿಸಿದರೆ ಅಡ್ರಿನಲ್ ಸೋತಿದೆ ಎಂಬ ಸುಳ್ಳು ಗಾಬರಿ ಹುಟ್ಟುತ್ತದೆ. ರಾತ್ರಿಪಾಳಿಯವರಲ್ಲಿ ಈ ಲಯವೇ ತಿರುಗಿರುತ್ತದೆ. ಮಲಗುವ-ಏಳುವ ಸಮಯವನ್ನು ಮೊದಲೇ ಹೇಳಬೇಕು.

ಟೆಸ್ಟೊಸ್ಟಿರೋನ್‌ಗೆ ಬೆಳಿಗ್ಗೆ 7ರಿಂದ 10ರೊಳಗೆ, ಖಾಲಿ ಹೊಟ್ಟೆಯಲ್ಲಿ. ಊಟದ ನಂತರ ಅದು ಇಳಿಯುತ್ತದೆ. ಒಮ್ಮೆ ಕಡಿಮೆ ಬಂದರೆ ಇನ್ನೊಂದು ದಿನ ಅದೇ ಹೊತ್ತಿಗೆ ಮತ್ತೊಮ್ಮೆ. ಒಂದೇ ಅಂಕಿಯ ಮೇಲೆ ಚುಚ್ಚುಮದ್ದು ಶುರು ಮಾಡುವುದು ಅವಸರ, ಏಕೆಂದರೆ ಹೊರಗಿನಿಂದ ಟೆಸ್ಟೊಸ್ಟಿರೋನ್ ಹೋದರೆ ಎಲ್‌ಎಚ್, ಎಫ್‌ಎಸ್‌ಎಚ್ ಅಡಗಿ ವೀರ್ಯಾಣು ಉತ್ಪತ್ತಿ ನಿಲ್ಲುವಷ್ಟು ಕುಗ್ಗಬಹುದು. ಮಕ್ಕಳು ಬೇಕೆನ್ನುವವರಿಗೆ ಇದನ್ನು ಮೊದಲೇ ತಿಳಿಸುವವರು ಕಡಿಮೆ.

ಹೆಂಗಸರಲ್ಲಿ ಎಫ್‌ಎಸ್‌ಎಚ್, ಎಲ್‌ಎಚ್, ಈಸ್ಟ್ರಡಯಾಲ್ ಎಂಬ ಈಸ್ಟ್ರೊಜನ್‌ಗೆ ಮುಟ್ಟಿನ 2ರಿಂದ 4ನೇ ದಿನ. ರಕ್ತಸ್ರಾವ ಸರಿಯಾಗಿ ಶುರುವಾದ ದಿನವೇ 1ನೇ ದಿನ, ಬರೀ ಕಲೆ ಕಂಡ ದಿನವಲ್ಲ. ಅಂಡ ಬಿಡುಗಡೆಯಾಗಿದೆಯೇ ಎಂದು ನೋಡುವ ಪ್ರೊಜೆಸ್ಟಿರೋನ್ ಪರೀಕ್ಷೆಯನ್ನು '21ನೇ ದಿನ' ಎಂದು ಬರೆದುಕೊಡುವ ರೂಢಿಯಿದೆ. ಇದು 28 ದಿನದ ಚಕ್ರದವರಿಗೆ ಮಾತ್ರ ಸರಿ. ನಿಜವಾದ ನಿಯಮ: ಮುಂದಿನ ಮುಟ್ಟಿಗೆ 7 ದಿನ ಮೊದಲು. 35 ದಿನದ ಚಕ್ರವಿದ್ದರೆ 28ನೇ ದಿನ ಹೋಗಬೇಕು. 21ಕ್ಕೇ ಹೋದರೆ ಅಂಡ ಬಿಡುಗಡೆಯಾಗುತ್ತಿರುವವರಿಗೂ 'ಆಗಿಲ್ಲ' ಎಂಬ ವರದಿ ಬರುತ್ತದೆ. ಪ್ರೊಜೆಸ್ಟಿರೋನ್ 3 ನ್ಯಾನೊಗ್ರಾಂ/ಮಿ.ಲೀ. ದಾಟಿದ್ದರೆ ಬಿಡುಗಡೆಯಾಗಿದೆ ಎನ್ನಬಹುದು. ಅಂಡಾಶಯದಲ್ಲಿ ಉಳಿದಿರುವ ಅಂಡಗಳ ಅಂದಾಜು ಕೊಡುವ ಎಎಂಎಚ್‌ಗೆ ಮಾತ್ರ ದಿನದ ಕಟ್ಟುಪಾಡಿಲ್ಲ. ಮುಟ್ಟು ನಿಂತಿದೆ ಎಂದು ಹಾರ್ಮೋನ್ ಹುಡುಕಲು ಹೊರಡುವ ಮೊದಲು ಗರ್ಭಪರೀಕ್ಷೆ ಆಗಿರಲಿ. 45 ದಾಟಿ, ವರ್ಷವಿಡೀ ಮುಟ್ಟಾಗದಿದ್ದರೆ ಋತುಬಂಧವೆನ್ನಲು ಸಾಮಾನ್ಯವಾಗಿ ಎಫ್‌ಎಸ್‌ಎಚ್ ಬೇಕಿಲ್ಲ.

ಪ್ರೊಲ್ಯಾಕ್ಟಿನ್ ನಿದ್ದೆಯಲ್ಲಿ ಏರಿರುತ್ತದೆ. ಎದ್ದು ಒಂದೆರಡು ಗಂಟೆ ಕಳೆದ ಮೇಲೆ ರಕ್ತ ಕೊಡಿ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಕುರ್ಚಿಯಲ್ಲಿ ಕೂತೊಡನೆ ಸೂಜಿ ಬೇಡ. ಹೆದರಿಕೆ, ನೋವು, ವ್ಯಾಯಾಮ ಎಲ್ಲವೂ ಅದನ್ನು ಏರಿಸುತ್ತವೆ.

ಬೆಳವಣಿಗೆಯ ಹಾರ್ಮೋನಿನ ಒಂಟಿ ಪರೀಕ್ಷೆ ಹೆಚ್ಚುಕಡಿಮೆ ದುಡ್ಡು ದಂಡ. ಅದು ಅಲೆ ಅಲೆಯಾಗಿ ಸುರಿಯುತ್ತದೆ, ಅಲೆಗಳ ನಡುವೆ ಸೊನ್ನೆಯ ಹತ್ತಿರ ಇರುತ್ತದೆ. ಮೊದಲು ನೋಡಬೇಕಾದದ್ದು ಅದರ ಪ್ರಚೋದನೆಯಿಂದ ಯಕೃತ್ತು ತಯಾರಿಸುವ, ದಿನವಿಡೀ ಸ್ಥಿರವಾಗಿರುವ ಐಜಿಎಫ್-1.

ಹಂತ 4: ರಕ್ತ ತೆಗೆಯುವಾಗ

ಸಕ್ಕರೆಯ ರಕ್ತ ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬಿಗೆ ಹೋಗಬೇಕು. ಬೇರ್ಪಡಿಸದ ರಕ್ತದಲ್ಲಿ ಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ, ಗಂಟೆಗೆ ಸುಮಾರು 5ರಿಂದ 7 ಪ್ರತಿಶತ ಇಳಿಯುತ್ತದೆ. ಎಸಿಟಿಎಚ್ ಇನ್ನೂ ನಾಜೂಕು: ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ಟ್ಯೂಬಿಗೆ ತೆಗೆದು, ಕೂಡಲೇ ಮಂಜುಗಡ್ಡೆಯ ಮೇಲಿಟ್ಟು, ತಂಪಿನಲ್ಲೇ ತಿರುಗಿಸಿ ಪ್ಲಾಸ್ಮಾ ಬೇರೆ ಮಾಡಬೇಕು. ಇಲ್ಲದಿದ್ದರೆ ಒಡೆದುಹೋಗಿ ಸುಳ್ಳೇ ಕಡಿಮೆ ಬರುತ್ತದೆ. ಈ ಕಾರಣಕ್ಕೆ ಎಸಿಟಿಎಚ್ ರಕ್ತವನ್ನು ಮನೆಯಲ್ಲಿ ಕೊಡಬೇಡಿ, ಅದನ್ನು ಅಲ್ಲೇ ಅಳೆಯುವ ಅಥವಾ ಅಲ್ಲೇ ಬೇರ್ಪಡಿಸುವ ಲ್ಯಾಬಿಗೆ ಹೋಗಿ. ಕ್ಯಾಲ್ಸಿಯಂಗೆ ತೋಳಿನ ಪಟ್ಟಿಯನ್ನು ಬಹಳ ಹೊತ್ತು ಬಿಗಿದಿಟ್ಟರೆ ಅಂಕಿ ಏರುತ್ತದೆ.

ವರದಿಯಲ್ಲಿ ರಕ್ತ ತೆಗೆದ ಗಂಟೆ ಅಚ್ಚಾಗಿದೆಯೇ ನೋಡಿ. ಎಷ್ಟೋ ಕಡೆ ಮಾದರಿ ಲ್ಯಾಬಿಗೆ ತಲುಪಿದ ಗಂಟೆಯಷ್ಟೇ ಇರುತ್ತದೆ. ನಿಜವಾದ ಗಂಟೆಯನ್ನು ನೀವೇ ಪೆನ್ನಿನಲ್ಲಿ ಬರೆದಿಡಿ.

ಥೈರಾಯ್ಡ್ ವರದಿ

ವಯಸ್ಕರಲ್ಲಿ ಟಿಎಸ್‌ಎಚ್ ಮಿತಿ ಸುಮಾರು 0.4ರಿಂದ 4 ಮಿಲಿಯೂನಿಟ್/ಲೀ. ಟಿಎಸ್‌ಎಚ್ ಬಹಳ ಸೂಕ್ಷ್ಮ. ಫ್ರೀ ಟಿ4 ಅರ್ಧಕ್ಕಿಳಿದರೆ ಟಿಎಸ್‌ಎಚ್ ಸುಮಾರು ನೂರು ಪಟ್ಟು ಏರಬಲ್ಲದು. ಅಂದಮೇಲೆ ಟಿಎಸ್‌ಎಚ್ 2ರಿಂದ 3ಕ್ಕೆ ಹೋದದ್ದು ಸುದ್ದಿಯೇ ಅಲ್ಲ. ರಾತ್ರಿ ಏರಿ ಮಧ್ಯಾಹ್ನ ಇಳಿಯುವ ಅದರ ದಿನನಿತ್ಯದ ಓಡಾಟದಲ್ಲೇ ಅಷ್ಟು ವ್ಯತ್ಯಾಸ ಬರುತ್ತದೆ. ಹಳೆಯ ವರದಿಗೆ ಹೋಲಿಸಬೇಕೆಂದಿದ್ದರೆ ಪ್ರತಿ ಸಲ ಒಂದೇ ಹೊತ್ತಿಗೆ, ಒಂದೇ ಲ್ಯಾಬಿನಲ್ಲಿ ಕೊಡಿ.

ಟಿಎಸ್‌ಎಚ್ ಹೆಚ್ಚು, ಫ್ರೀ ಟಿ4 ಕಡಿಮೆ: ಥೈರಾಯ್ಡ್ ಸೋತಿದೆ. ಟಿಎಸ್‌ಎಚ್ ಕಡಿಮೆ, ಟಿ4 ಅಥವಾ ಟಿ3 ಹೆಚ್ಚು: ಥೈರಾಯ್ಡ್ ಹಾರ್ಮೋನು ಅತಿಯಾಗಿದೆ. ಇವೆರಡು ಸುಲಭ. ಟಿಎಸ್‌ಎಚ್ 4ರಿಂದ 10ರ ನಡುವೆ ಇದ್ದು ಟಿ4 ಸರಿಯಿದ್ದರೆ ಅವಸರ ಬೇಡ. ಎರಡು ಮೂರು ತಿಂಗಳ ನಂತರ ಮತ್ತೊಮ್ಮೆ ನೋಡಿದಾಗ ಹಲವರಲ್ಲಿ ಅದು ತಾನೇ ಇಳಿದಿರುತ್ತದೆ. ಇಳಿವಯಸ್ಸಿನಲ್ಲಿ ಮಿತಿ ಸಹಜವಾಗಿಯೇ ಸ್ವಲ್ಪ ಮೇಲಿರುತ್ತದೆ. ಗರ್ಭಿಣಿಯ ಮಾತು ಬೇರೆ. ಮೊದಲ ಮೂರು ತಿಂಗಳಲ್ಲಿ ಎಚ್‌ಸಿಜಿ ಹಾರ್ಮೋನು ಥೈರಾಯ್ಡನ್ನು ತಾನೂ ಕೆಣಕುವುದರಿಂದ ಟಿಎಸ್‌ಎಚ್ ಇಳಿಯುತ್ತದೆ. ಮೊದಲೇ ಥೈರಾಕ್ಸಿನ್ (ಟಿ4) ಮಾತ್ರೆ ತೆಗೆದುಕೊಳ್ಳುತ್ತಿದ್ದವರು ಗರ್ಭ ನಿಂತದ್ದು ತಿಳಿದ ದಿನವೇ ವೈದ್ಯರಿಗೆ ಹೇಳಬೇಕು, ಸಾಮಾನ್ಯವಾಗಿ ಪ್ರಮಾಣ 25ರಿಂದ 30 ಪ್ರತಿಶತ ಹೆಚ್ಚಬೇಕಾಗುತ್ತದೆ.

ದೇಹ ತನ್ನದೇ ಥೈರಾಯ್ಡಿನ ವಿರುದ್ಧ ತಯಾರಿಸುವ ಟಿಪಿಒ ಪ್ರತಿಕಾಯ ಒಮ್ಮೆ ಪಾಸಿಟಿವ್ ಬಂದರೆ ಸಾಕು. ಪ್ರತಿ ವರ್ಷ ಅದರ ಅಂಕಿ ಏರಿತೇ ಇಳಿಯಿತೇ ಎಂದು ನೋಡುವುದರಿಂದ ಚಿಕಿತ್ಸೆ ಬದಲಾಗುವುದಿಲ್ಲ.

ಥೈರಾಕ್ಸಿನ್ ಮಾತ್ರೆ ನುಂಗುವವರಿಗೆ ಕೆಲವು ಖಚಿತ ಸಂಗತಿಗಳು. ಬೆಳಿಗ್ಗೆ ಖಾಲಿ ಹೊಟ್ಟೆಗೆ, ನೀರಿನ ಜೊತೆ, ತಿಂಡಿಗೆ 30ರಿಂದ 60 ನಿಮಿಷ ಮೊದಲು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳು ಥೈರಾಕ್ಸಿನ್ನನ್ನು ಕರುಳಿನಲ್ಲೇ ಕಟ್ಟಿಹಾಕುವುದರಿಂದ 4 ಗಂಟೆ ಅಂತರವಿರಲಿ. ಗ್ರಂಥಿ ಪೂರ್ತಿ ಕೆಲಸ ನಿಲ್ಲಿಸಿದವರಿಗೆ ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 1.6 ಮೈಕ್ರೋಗ್ರಾಂ ಬೇಕಾಗುತ್ತದೆ. ವಯಸ್ಸಾದವರಿಗೆ, ಹೃದ್ರೋಗಿಗಳಿಗೆ ಬಹಳ ಕಡಿಮೆಯಿಂದ ಶುರು ಮಾಡುತ್ತಾರೆ. ಪ್ರಮಾಣ ಬದಲಿಸಿದ ಮೇಲೆ 6ರಿಂದ 8 ವಾರ ಕಾಯದೆ ಟಿಎಸ್‌ಎಚ್ ನೋಡಬೇಡಿ. ಟಿ4ರ ಅರ್ಧಾಯುಷ್ಯ ಸುಮಾರು 7 ದಿನ, ಅದು ಹೊಸ ಮಟ್ಟದಲ್ಲಿ ನೆಲೆಯಾಗಲು ಐದಾರು ವಾರ ಹಿಡಿಯುತ್ತದೆ, ಪಿಟ್ಯುಟರಿ ಹೊಂದಿಕೊಳ್ಳಲು ಇನ್ನಷ್ಟು. ಎರಡು ವಾರಕ್ಕೇ ಪರೀಕ್ಷೆ ಮಾಡಿ ಪ್ರಮಾಣ ಏರಿಸುತ್ತಾ ಹೋದರೆ ಕೊನೆಗೆ ಎದೆಬಡಿತ ಹೆಚ್ಚಿ ಕೂರಬೇಕಾಗುತ್ತದೆ. ಪರೀಕ್ಷೆಯ ದಿನ ಫ್ರೀ ಟಿ4 ಕೂಡ ಇದ್ದರೆ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನುಂಗಿ, ಏಕೆಂದರೆ ನುಂಗಿದ ಕೆಲವು ಗಂಟೆ ಟಿ4 ಉಬ್ಬಿರುತ್ತದೆ.

ಟಿಎಸ್‌ಎಚ್ ಹೆಚ್ಚು, ಟಿ4 ಸರಿ ಅಥವಾ ಮೇಲಿನ ಅಂಚಿನಲ್ಲಿ ಎಂಬ ವಿಚಿತ್ರ ಜೋಡಿ ಮಾತ್ರೆ ನುಂಗುವವರಲ್ಲಿ ಕಂಡರೆ ಮೊದಲ ಊಹೆ ಇದು: ತಿಂಗಳೆಲ್ಲ ಮರೆತು, ಪರೀಕ್ಷೆ ಹತ್ತಿರ ಬಂತೆಂದು ಕೊನೆಯ ನಾಲ್ಕೈದು ದಿನ ನಿಷ್ಠೆಯಿಂದ ನುಂಗಿದ್ದಾರೆ. ಟಿ4 ಬೇಗ ಏರುತ್ತದೆ, ಟಿಎಸ್‌ಎಚ್ ನಿಧಾನವಾಗಿ ಇಳಿಯುತ್ತದೆ. ನಿಜ ಹೇಳಿದರೆ ಪ್ರಮಾಣ ಸುಮ್ಮನೆ ಏರುವುದು ತಪ್ಪುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಥೈರಾಯ್ಡ್ ಅತಿಯಾಗಿದ್ದವರಿಗೆ ಚಿಕಿತ್ಸೆ ಶುರುವಾದ ಮೇಲೂ ಟಿಎಸ್‌ಎಚ್ ತಿಂಗಳುಗಟ್ಟಲೆ ಮೇಲೇಳದೆ ಇರಬಹುದು. ಆ ಅವಧಿಯಲ್ಲಿ ನೋಡಬೇಕಾದ್ದು ಟಿ4 ಮತ್ತು ಟಿ3.

ಅಡ್ರಿನಲ್ ವರದಿ

ಬೆಳಿಗ್ಗೆ 8ರ ಕಾರ್ಟಿಸಾಲ್ ಸಾಮಾನ್ಯವಾಗಿ 5ರಿಂದ 25 ಮೈಕ್ರೋಗ್ರಾಂ/ಡೆ.ಲೀ. ಇರುತ್ತದೆ. 3ಕ್ಕಿಂತ ಕೆಳಗಿದ್ದರೆ ಕೊರತೆಯ ಬಲವಾದ ಸೂಚನೆ, 18 ದಾಟಿದ್ದರೆ ಕೊರತೆ ಇರುವುದು ಅಪರೂಪ. ನಡುವೆ ಬಿದ್ದವರಿಗೆ ಪ್ರಚೋದನೆ ಪರೀಕ್ಷೆ: 250 ಮೈಕ್ರೋಗ್ರಾಂ ಕೃತಕ ಎಸಿಟಿಎಚ್ ಚುಚ್ಚಿ, 30 ಮತ್ತು 60ನೇ ನಿಮಿಷ ಕಾರ್ಟಿಸಾಲ್ ಅಳೆಯುತ್ತಾರೆ. ಇಲ್ಲಿಯ ಗಡಿ ಲ್ಯಾಬಿನ ವಿಧಾನಕ್ಕೆ ತಕ್ಕಂತೆ ಬದಲಾಗುತ್ತದೆ. ಹಳೆಯ ವಿಧಾನಗಳಿಗೆ 18 ಎಂದಿತ್ತು, ಹೊಸ ನಿಖರ ವಿಧಾನಗಳಿಗೆ ಅದಕ್ಕಿಂತ ಕಡಿಮೆ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರಲ್ಲಿ ಯಂತ್ರ ಅದನ್ನೇ ಕಾರ್ಟಿಸಾಲ್ ಎಂದು ಎಣಿಸಿಬಿಡಬಹುದು.

ಕಾರ್ಟಿಸಾಲ್ ಕಡಿಮೆ, ಎಸಿಟಿಎಚ್ ಹೆಚ್ಚು ಎಂದರೆ ತೊಂದರೆ ಅಡ್ರಿನಲ್‌ನಲ್ಲೇ ಇದೆ. ಚರ್ಮ, ವಸಡು, ಅಂಗೈ ಗೆರೆಗಳು ಕಪ್ಪಾಗುವುದು, ಸೋಡಿಯಂ ಇಳಿದು ಪೊಟ್ಯಾಷಿಯಂ ಏರುವುದು ಇದರ ಜೊತೆ ಬರುತ್ತವೆ. ಎರಡೂ ಕಡಿಮೆ ಎಂದರೆ ತೊಂದರೆ ಮೇಲಿನ ಪಿಟ್ಯುಟರಿ ಅಥವಾ ಹೈಪೋಥಲಾಮಸ್‌ನಲ್ಲಿದೆ, ಅಥವಾ ಎಲ್ಲೋ ಸ್ಟೀರಾಯ್ಡ್ ಒಳಗೆ ಹೋಗುತ್ತಿದೆ.

ಕಾರ್ಟಿಸಾಲ್ ಅತಿಯಾಗಿದೆಯೇ ಎಂದು ನೋಡಲು ಬೆಳಗಿನ ಅಂಕಿ ಉಪಯೋಗಕ್ಕೆ ಬಾರದು. ರಾತ್ರಿ ಅದು ಇಳಿಯುತ್ತದೆಯೇ, ಅದುಮಿದರೆ ಅಡಗುತ್ತದೆಯೇ ಎಂಬುದೇ ಪ್ರಶ್ನೆ. ರಾತ್ರಿ 11ಕ್ಕೆ 1 ಮಿ.ಗ್ರಾಂ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ನುಂಗಿ ಬೆಳಿಗ್ಗೆ 8ಕ್ಕೆ ರಕ್ತ ಕೊಟ್ಟಾಗ ಕಾರ್ಟಿಸಾಲ್ 1.8ಕ್ಕೆ ಅಥವಾ ಅದಕ್ಕಿಂತ ಕೆಳಗಿಳಿದಿರಬೇಕು. ಮಾತ್ರೆ ಮರೆತು 1 ಗಂಟೆಗೆ ನುಂಗಿದರೆ ಅಂದಿನ ಪರೀಕ್ಷೆ ಬಿಟ್ಟುಬಿಡಿ. ಅಪಸ್ಮಾರದ ಫೆನಿಟಾಯಿನ್, ಕಾರ್ಬಮಜೆಪಿನ್, ಕ್ಷಯದ ರಿಫಾಂಪಿಸಿನ್ ಡೆಕ್ಸಾಮೆಥಸೋನನ್ನು ಯಕೃತ್ತಿನಲ್ಲಿ ಬೇಗ ಕರಗಿಸಿ ಸುಳ್ಳು ಪಾಸಿಟಿವ್ ಕೊಡುತ್ತವೆ. ಗರ್ಭನಿರೋಧಕ ಮಾತ್ರೆಯೂ ಕೊಡುತ್ತದೆ; ಸಾಮಾನ್ಯವಾಗಿ ಆರು ವಾರ ಮೊದಲು ನಿಲ್ಲಿಸಲು ಹೇಳುತ್ತಾರೆ. ನಡುರಾತ್ರಿಯ ಜೊಲ್ಲಿನ ಪರೀಕ್ಷೆಯಾದರೆ ಅದಕ್ಕೆ ಮೊದಲಿನ ಅರ್ಧ ಗಂಟೆ ತಿನ್ನುವುದು, ಹಲ್ಲುಜ್ಜುವುದು ಬೇಡ. ವಸಡಿನ ರಕ್ತ ಬೆರೆತರೆ ಅಂಕಿ ಕೆಡುತ್ತದೆ.

24 ಗಂಟೆಯ ಮೂತ್ರ ಸಂಗ್ರಹದಲ್ಲಿ ಬಹುತೇಕ ಎಲ್ಲರೂ ಮಾಡುವ ತಪ್ಪು ಮೊದಲ ಮೂತ್ರವನ್ನು ಡಬ್ಬಿಗೆ ಹಾಕುವುದು. ಅದು ಹಿಂದಿನ ರಾತ್ರಿಯದು. ಬೆಳಿಗ್ಗೆ 7ಕ್ಕೆ ಎದ್ದು ಮೊದಲ ಮೂತ್ರವನ್ನು ಶೌಚಾಲಯಕ್ಕೇ ಬಿಟ್ಟು ಗಡಿಯಾರ ನೋಡಿ ಬರೆದುಕೊಳ್ಳಿ. ಆಮೇಲಿನ ಪ್ರತಿ ಹನಿಯೂ ಡಬ್ಬಿಗೆ. ಮರುದಿನ 7ರ ಮೊದಲ ಮೂತ್ರ ಡಬ್ಬಿಗೆ ಸೇರಿದಲ್ಲಿಗೆ ಮುಗಿಯಿತು. ನಡುವೆ ಒಮ್ಮೆ ತಪ್ಪಿದರೂ ಹೊಸದಾಗಿ ಶುರು ಮಾಡಿ. ಡಬ್ಬಿಯಲ್ಲಿ ಮೊದಲೇ ಆಮ್ಲ ಹಾಕಿ ಕೊಟ್ಟಿದ್ದರೆ ಅದನ್ನು ಚೆಲ್ಲಬೇಡಿ, ನೇರವಾಗಿ ಅದರೊಳಗೆ ಮೂತ್ರ ಮಾಡಲೂ ಬೇಡಿ. ಬೇರೆ ಪಾತ್ರೆಯಲ್ಲಿ ಹಿಡಿದು ಸುರಿಯಿರಿ. ಅಡ್ರಿನಲಿನ್ ಬಗೆಯ ಹಾರ್ಮೋನುಗಳು ಒಡೆದು ಆಗುವ ಮೆಟಾನೆಫ್ರಿನ್‌ಗಳ ರಕ್ತಪರೀಕ್ಷೆಗೆ 20ರಿಂದ 30 ನಿಮಿಷ ಅಂಗಾತ ಮಲಗಿದ ನಂತರವೇ ರಕ್ತ ತೆಗೆಯಬೇಕು, ಕೂತು ಕೊಟ್ಟರೆ ಸುಳ್ಳೇ ಹೆಚ್ಚು ಬರುತ್ತದೆ.

ಸಕ್ಕರೆ ಮತ್ತು ಇನ್ಸುಲಿನ್

ಕನಿಷ್ಠ 8 ಗಂಟೆ ಉಪವಾಸದ ಸಕ್ಕರೆ 126 ಮಿ.ಗ್ರಾಂ/ಡೆ.ಲೀ. ಅಥವಾ ಹೆಚ್ಚು, ಇಲ್ಲವೇ 75 ಗ್ರಾಂ ಗ್ಲೂಕೋಸ್ ಕುಡಿದು 2 ಗಂಟೆಗೆ 200 ಅಥವಾ ಹೆಚ್ಚು, ಇಲ್ಲವೇ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ, ಚುಟುಕಾಗಿ ಎ1ಸಿ) 6.5 ಪ್ರತಿಶತ ಅಥವಾ ಹೆಚ್ಚು ಇದ್ದರೆ ಮಧುಮೇಹ. ಲಕ್ಷಣಗಳಿಲ್ಲದವರಲ್ಲಿ ಇಂಥ ಎರಡು ಫಲಿತಾಂಶ ಬೇಕು, ಒಂದು ಸಾಲದು. ಉಪವಾಸದ 100ರಿಂದ 125, ಎ1ಸಿ 5.7ರಿಂದ 6.4 ಅಂಚಿನವು.

ಗ್ಲೂಕೋಸ್ ಕುಡಿಯುವ ಪರೀಕ್ಷೆಗೆ ಮೊದಲಿನ ಮೂರು ದಿನ ಎಂದಿನ ಊಟ ಮಾಡಿರಬೇಕು, ದಿನಕ್ಕೆ ಕನಿಷ್ಠ 150 ಗ್ರಾಂ ಪಿಷ್ಟ-ಸಕ್ಕರೆ ಒಳಗೆ ಹೋಗಿರಬೇಕು. ಪರೀಕ್ಷೆ ಹತ್ತಿರ ಬಂತೆಂದು ಪಿಷ್ಟ ಬಿಟ್ಟವರಲ್ಲಿ ಇನ್ಸುಲಿನ್ ತಡವಾಗಿ ಎದ್ದು 2 ಗಂಟೆಯ ಅಂಕಿ ಸುಳ್ಳೇ ಏರುತ್ತದೆ. ಒಳ್ಳೆಯ ವರದಿಗೆಂದು ಮಾಡಿದ ಉಪಾಯವೇ ತಿರುಗುಬಾಣ. ದ್ರಾವಣವನ್ನು 5 ನಿಮಿಷದೊಳಗೆ ಕುಡಿದು ಮುಗಿಸಿ. ಎರಡು ಗಂಟೆ ಕೂತೇ ಇರಿ, ನಡೆದಾಟ, ಸಿಗರೇಟು ಬೇಡ. ವಾಂತಿಯಾದರೆ ಪರೀಕ್ಷೆ ರದ್ದು. ಗರ್ಭಿಣಿಯರಿಗೆ ಇದೇ 75 ಗ್ರಾಂ ಪರೀಕ್ಷೆಯಲ್ಲಿ ಗಡಿಗಳು ಬೇರೆ: ಉಪವಾಸ 92, 1 ಗಂಟೆಗೆ 180, 2 ಗಂಟೆಗೆ 153. ಯಾವುದೇ ಒಂದು ಮುಟ್ಟಿದರೂ ಸಾಕು.

ಎ1ಸಿ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುವುದು ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ ಎಂಬ ಲೆಕ್ಕದ ಮೇಲೆ. ಕಬ್ಬಿಣದ ಕೊರತೆಯ ರಕ್ತಹೀನತೆಯಲ್ಲಿ ಅದು ಸುಳ್ಳೇ ಏರುತ್ತದೆ. ರಕ್ತಸ್ರಾವವಾದಾಗ, ರಕ್ತ ಹಾಕಿಸಿಕೊಂಡಾಗ, ಕಣಗಳು ಬೇಗ ಒಡೆಯುವ ಕಾಯಿಲೆಗಳಲ್ಲಿ ಸುಳ್ಳೇ ಇಳಿಯುತ್ತದೆ. ಎ1ಸಿ ಮತ್ತು ಮನೆಯ ಗ್ಲೂಕೋಮೀಟರ್ ಒಂದನ್ನೊಂದು ಒಪ್ಪದಿದ್ದರೆ ಹಿಮೋಗ್ಲೋಬಿನ್ ನೋಡಿಸಿ. ಉಪವಾಸದ ಇನ್ಸುಲಿನ್ ಅಳೆದು 'ಇನ್ಸುಲಿನ್ ಪ್ರತಿರೋಧ' ಎಂದು ಹೆಸರಿಡುವ ವರದಿಗಳಿಗೆ ಹೆಚ್ಚು ತೂಕ ಕೊಡಬೇಕಿಲ್ಲ. ಲ್ಯಾಬಿನಿಂದ ಲ್ಯಾಬಿಗೆ ಅದರ ಅಳತೆ ಹೊಂದುವುದಿಲ್ಲ, ಮಧುಮೇಹದ ನಿರ್ಣಯಕ್ಕೂ ಅದು ಬೇಕಿಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವವರಲ್ಲಿ ಸ್ವಂತ ಉತ್ಪತ್ತಿ ಎಷ್ಟಿದೆಯೆಂದು ತಿಳಿಯಲು ದೇಹ ಇನ್ಸುಲಿನ್ ತಯಾರಿಸುವಾಗ ಜೊತೆಗೇ ಹೊರಬರುವ ಸಿ-ಪೆಪ್ಟೈಡ್ ಅಳೆಯಬೇಕು, ಔಷಧದ ಇನ್ಸುಲಿನ್‌ನಲ್ಲಿ ಅದು ಇರುವುದಿಲ್ಲ.

ಕ್ಯಾಲ್ಸಿಯಂ, ಪ್ರೊಲ್ಯಾಕ್ಟಿನ್

ರಕ್ತದ ಕ್ಯಾಲ್ಸಿಯಂ ಅರ್ಧಕ್ಕೆ ಹತ್ತಿರ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಆಲ್ಬುಮಿನ್ 4ಕ್ಕಿಂತ ಪ್ರತಿ 1 ಗ್ರಾಂ ಕಡಿಮೆಯಾದಾಗ ಕ್ಯಾಲ್ಸಿಯಂ ಅಂಕಿಗೆ 0.8 ಸೇರಿಸಿ ಓದಬೇಕು. ಕ್ಯಾಲ್ಸಿಯಂ 8.0, ಆಲ್ಬುಮಿನ್ 3 ಇದ್ದರೆ ನಿಜವಾದದ್ದು 8.8, ಕೊರತೆಯಲ್ಲ. ಕ್ಯಾಲ್ಸಿಯಂ ಕಡಿಮೆ ಅಥವಾ ಕೆಳ ಅಂಚಿನಲ್ಲಿದ್ದು ಪಿಟಿಎಚ್ ಏರಿದ್ದರೆ ಗ್ರಂಥಿ ತನ್ನ ಕೆಲಸ ಮಾಡುತ್ತಿದೆ. ಹುಡುಕಬೇಕಾದ್ದು ವಿಟಮಿನ್ ಡಿ ಕೊರತೆ ಅಥವಾ ಮೂತ್ರಪಿಂಡದ ತೊಂದರೆ. ಕ್ಯಾಲ್ಸಿಯಂ ಕಡಿಮೆಯಿದ್ದೂ ಪಿಟಿಎಚ್ ಏಳದಿದ್ದರೆ ಮೆಗ್ನೀಸಿಯಂ ನೋಡಿಸಿ, ಅದು ತೀರ ಇಳಿದರೆ ಪಿಟಿಎಚ್ ಹೊರಬರುವುದಿಲ್ಲ.

ಪ್ರೊಲ್ಯಾಕ್ಟಿನ್ ಸ್ವಲ್ಪ ಏರಿದ್ದರೆ ಎಂಆರ್‌ಐಗೆ ಓಡುವ ಮೊದಲು ನಾಲ್ಕು ಸಂಗತಿ ಮುಗಿಯಲಿ: ಗರ್ಭಪರೀಕ್ಷೆ, ಔಷಧಪಟ್ಟಿ, ಟಿಎಸ್‌ಎಚ್, ಶಾಂತವಾಗಿ ಕೂತು ಕೊಟ್ಟ ಎರಡನೇ ಮಾದರಿ. ಥೈರಾಯ್ಡ್ ಸೋತಾಗ ಹೈಪೋಥಲಾಮಸ್ ಸುರಿಸುವ ಟಿಆರ್‌ಎಚ್ ಪ್ರೊಲ್ಯಾಕ್ಟಿನನ್ನೂ ಏರಿಸುತ್ತದೆ. ಥೈರಾಕ್ಸಿನ್ ಕೊಟ್ಟರೆ ಎರಡೂ ಇಳಿಯುತ್ತವೆ. ಯಾವ ಲಕ್ಷಣವೂ ಇಲ್ಲದೆ ಅಂಕಿ ಮಾತ್ರ ಏರಿದ್ದರೆ 'ಮ್ಯಾಕ್ರೊಪ್ರೊಲ್ಯಾಕ್ಟಿನ್' ನೋಡಿ ಎಂದು ಲ್ಯಾಬಿಗೆ ಬರೆಯಿಸಿ. ಪ್ರತಿಕಾಯಕ್ಕೆ ಅಂಟಿ ದಪ್ಪಗಾದ, ಕೆಲಸಕ್ಕೆ ಬಾರದ ಪ್ರೊಲ್ಯಾಕ್ಟಿನ್ ಅದು. 200 ನ್ಯಾನೊಗ್ರಾಂ/ಮಿ.ಲೀ. ದಾಟಿದ್ದರೆ ಗಡ್ಡೆಯ ಸಂಶಯ ಬಲವಾಗುತ್ತದೆ. ಸ್ಕ್ಯಾನಿನಲ್ಲಿ ದೊಡ್ಡ ಗಡ್ಡೆ ಕಂಡೂ ಪ್ರೊಲ್ಯಾಕ್ಟಿನ್ ಅಲ್ಪವೇ ಏರಿದ್ದರೆ, ಅತಿ ಹೆಚ್ಚಿನ ಹಾರ್ಮೋನು ಯಂತ್ರವನ್ನೇ ಮುಳುಗಿಸಿರಬಹುದು. ಮಾದರಿಯನ್ನು ನೂರು ಪಟ್ಟು ತೆಳುವಾಗಿಸಿ ಮತ್ತೆ ಅಳೆಯಬೇಕು.

ಅಂಕಿ ಹೋಲಿಸುವ ಮೊದಲು ಮಾನ ನೋಡಿ

ಒಂದು ಲ್ಯಾಬ್ ಮೈಕ್ರೋಗ್ರಾಂನಲ್ಲಿ, ಇನ್ನೊಂದು ನ್ಯಾನೊಮೋಲ್‌ನಲ್ಲಿ ಕೊಟ್ಟಿರಬಹುದು. ಕಾರ್ಟಿಸಾಲ್ ಮೈಕ್ರೋಗ್ರಾಂ/ಡೆ.ಲೀ. ಅನ್ನು 27.6ರಿಂದ ಗುಣಿಸಿದರೆ ನ್ಯಾನೊಮೋಲ್/ಲೀ. ಫ್ರೀ ಟಿ4 ನ್ಯಾನೊಗ್ರಾಂ/ಡೆ.ಲೀ. ಅನ್ನು 12.87ರಿಂದ ಗುಣಿಸಿದರೆ ಪಿಕೊಮೋಲ್/ಲೀ. ಗ್ಲೂಕೋಸ್ ಮಿ.ಗ್ರಾಂ/ಡೆ.ಲೀ. ಅನ್ನು 18ರಿಂದ ಭಾಗಿಸಿದರೆ ಮಿಲಿಮೋಲ್/ಲೀ. ಪ್ರೊಲ್ಯಾಕ್ಟಿನ್ 20 (ನ್ಯಾನೊಗ್ರಾಂ/ಮಿ.ಲೀ.) ಇದ್ದದ್ದು 424 (ಮಿಲಿಯೂನಿಟ್/ಲೀ.) ಆಯಿತೆಂದು ಗಾಬರಿಬಿದ್ದವರ ಕೈಯಲ್ಲಿರುವುದು ಎರಡು ಮಾನಗಳಲ್ಲಿ ಬರೆದ ಒಂದೇ ಅಂಕಿ.

ಪರೀಕ್ಷೆಗೆ ಕಾಯಬಾರದ ಹೊತ್ತು

ಮೇಲೆ ಹೇಳಿದ ಹೊತ್ತು-ಗೊತ್ತು ಯಾವುದೂ ತುರ್ತಿಗೆ ಅನ್ವಯಿಸದು. ಇದ್ದಕ್ಕಿದ್ದಂತೆ ಎರಗಿದ ತೀವ್ರ ತಲೆನೋವಿನೊಂದಿಗೆ ದೃಷ್ಟಿ ಮಂದವಾಗುವುದು ಪಿಟ್ಯುಟರಿಯೊಳಗಿನ ರಕ್ತಸ್ರಾವವಿರಬಹುದು. ವಿಪರೀತ ಬಾಯಾರಿಕೆ, ವಾಂತಿ, ಹೊಟ್ಟೆನೋವು, ಆಳವಾದ ವೇಗದ ಉಸಿರು ಸೇರಿ ಬಂದರೆ ಇನ್ಸುಲಿನ್ ಕೊರತೆಯಿಂದ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಇರಬಹುದು. ಥೈರಾಯ್ಡ್ ಅತಿಯಾಗಿರುವವರಿಗೆ ಹೆಚ್ಚು ಜ್ವರ, ನಾಗಾಲೋಟದ ಎದೆಬಡಿತ, ಗಲಿಬಿಲಿ ಕಂಡರೆ ಆಸ್ಪತ್ರೆಯ ತುರ್ತು ವಿಭಾಗಕ್ಕೇ ಹೋಗಬೇಕು. ಅಡ್ರಿನಲ್ ಕೊರತೆಯಿರುವವರು ಅಥವಾ ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಂಡವರು ವಾಂತಿ, ತಲೆಸುತ್ತು, ರಕ್ತದೊತ್ತಡ ಕುಸಿತದೊಂದಿಗೆ ಬಿದ್ದರೆ ವೈದ್ಯರು ಒಂದು ಟ್ಯೂಬ್ ರಕ್ತ ತೆಗೆದಿಟ್ಟು, ಕೂಡಲೇ 100 ಮಿ.ಗ್ರಾಂ ಹೈಡ್ರೊಕಾರ್ಟಿಸೋನ್ ಚುಚ್ಚಿ ಸಲೈನ್ ಹಾಕುತ್ತಾರೆ. ಆ ಟ್ಯೂಬಿನ ವರದಿ ಆಮೇಲೆ ಬಂದರೂ ನಡೆಯುತ್ತದೆ.